ಆ ಉಸುಕೂ ಒಬ್ಬರ ಹೊಲ

ಥಾರ್ ಮರುಭೂಮಿಗೆ ಜೀಪು ತಗೊಂಡು ಹೊರಟಿರುವ ಗಡಿಭಾಗದ ಯುವಕ ಯುವತಿಯರಿಗೆ ಬಹಿರಂಗ ಪತ್ರ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಪ್ರೀತಿಯ ತಮ್ಮಂದಿರೇ, ತಂಗಿಯರೇ,



ಕಬ್ಬಿನ ಹಂಗಾಮು ಶುರುವಾಗಿ ಮೊದಲ ಬಿಲ್ ಖಾತೆಗೆ ಬೀಳುವ ಹೊತ್ತಿಗೆ ನಮ್ಮ ಊರುಗಳ ಚಹಾದಂಗಡಿ ಮುಂದೆ ಒಂದು ಮಾತು ಕಿವಿಗೆ ಬೀಳುತ್ತದೆ: "ಈ ಸಲ ಗಾಡಿ ತಗೊಂಡು ರಾಜಸ್ಥಾನಕ್ಕ ಹೋಗೋಣಲೇ." ಮೊದಲು ಇದೇ ಮಾತು ಗೋವಾದ ಬಗ್ಗೆ ಇರುತ್ತಿತ್ತು. 2020ರ ಅಕ್ಟೋಬರ್‌ನಲ್ಲಿ ಹೊಸ ಥಾರ್ ಗಾಡಿ ಬಂದ ಮೇಲೆ ನಮ್ಮಲ್ಲಿ ಎಷ್ಟೋ ಮನೆಗಳ ಅಂಗಳದಲ್ಲಿ ಟ್ರ್ಯಾಕ್ಟರಿನ ಪಕ್ಕ ಅದೂ ಒಂದು ನಿಂತಿದೆ. ಗಾಡಿಗೆ ಮರುಭೂಮಿಯ ಹೆಸರಿಟ್ಟಿರುವಾಗ ಒಮ್ಮೆಯಾದರೂ ಅದಕ್ಕೆ ಅದರ ತವರು ತೋರಿಸಿಕೊಂಡು ಬರಬೇಕು ಎಂದು ನಿಮಗೆ ಅನ್ನಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ.

ಹೋಗಬೇಡಿ ಎಂದು ಹೇಳುವುದಕ್ಕೆ ನಾನು ಈ ಪತ್ರ ಬರೆಯುತ್ತಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವನು ನಾನು. ಕರಿಹಲಗೆಯ ಮೇಲೆ ಅರ್ಧಚಂದ್ರದ ಹಾಗೆ ಉಸುಕಿನ ದಿಬ್ಬ ಬರೆದು, ಗಾಳಿ ಬರುವ ದಿಕ್ಕಿಗೆ ಬಾಣದ ಗುರುತು ಹಾಕಿ, "ಇದು ಮರುಭೂಮಿ, ಬರಕೋರಿ" ಎಂದು ಸಾವಿರಾರು ಮಕ್ಕಳಿಗೆ ಹೇಳಿದ್ದೇನೆ. ನಿಜವಾದ ದಿಬ್ಬ ನೋಡಿದ್ದು ಮಾತ್ರ ನಿವೃತ್ತಿಯಾದ ಮೇಲೆ. ನನ್ನ ಅಣ್ಣನ ಮಗ ಮತ್ತು ಅವನ ಗೆಳೆಯರು ಐದು ಗಾಡಿ ಕಟ್ಟಿಕೊಂಡು ಜೈಸಲ್ಮೇರಿಗೆ ಹೊರಟಾಗ, "ಕಾಕಾ, ನೀವೂ ಬರ್ರಿ, ಡಿಕ್ಕಿಯಾಗ ಜಾಗ ಐತಿ" ಎಂದು ನಕ್ಕರು. ನಾನು ನಿಜವಾಗಿಯೂ ಹೋಗಿ ಕೂತೆ. ನಾಲ್ಕು ದಿನ ಸ್ಥಳೀಯ ಮಾರ್ಗದರ್ಶಕನೊಬ್ಬನ ಹಿಂದೆ ದಿಬ್ಬಗಳಲ್ಲಿ ಓಡಾಡಿ ಬಂದೆ. ಆ ನಾಲ್ಕು ದಿನ ನನಗೆ ಕಲಿಸಿದ್ದನ್ನು ಮುಂದೆ ಹೋಗುವ ನಿಮಗೆ ಹೇಳದೆ ಸುಮ್ಮನಿದ್ದರೆ ಮಾಸ್ತರಿಕೆ ಮಾಡಿದ್ದಕ್ಕೆ ಅರ್ಥವಿಲ್ಲ.

ಮೊದಲು ಸಂತೋಷದ ಮಾತು. ನಿಪ್ಪಾಣಿಯಲ್ಲಿ ಹೆದ್ದಾರಿ 48 ಹಿಡಿದರೆ ಕೊಲ್ಹಾಪುರ, ಪುಣೆ, ಸೂರತ್, ಅಹಮದಾಬಾದ್ ದಾಟಿ ಬಾಡಮೇರ್ ಮೇಲೆ ಜೈಸಲ್ಮೇರ್ ಮುಟ್ಟುವಷ್ಟರಲ್ಲಿ ಹತ್ತಿರಹತ್ತಿರ ಒಂದೂವರೆ ಸಾವಿರ ಕಿಲೋಮೀಟರ್ ಆಗುತ್ತದೆ. ಕಬ್ಬು ಮುಗಿದು ಹತ್ತಿ ಬರುತ್ತದೆ, ಹತ್ತಿ ಮುಗಿದು ಜೀರಿಗೆ ಹೊಲಗಳು ಬರುತ್ತವೆ, ಆಮೇಲೆ ಹೊಲಗಳೇ ತೆಳುವಾಗುತ್ತ ಹೋಗುತ್ತವೆ. ಜೈಸಲ್ಮೇರಿನಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಸಮ್ ಎಂಬ ಊರಿನ ದಿಬ್ಬಗಳು. ಅಲ್ಲಿ ಒಂಟೆ, ಡೇರೆ, ಡಿಜೆ ಎಲ್ಲ ಇವೆ, ಜಾತ್ರೆಯೇ ಸರಿ. ನಮ್ಮ ಮಾರ್ಗದರ್ಶಕ ಅಲ್ಲಿ ನಿಲ್ಲಿಸಲಿಲ್ಲ. ಜೈಸಲ್ಮೇರಿನ ನೈರುತ್ಯಕ್ಕಿರುವ ಖೂರಿ ಕಡೆ ಕರೆದೊಯ್ದ. ಸಂಜೆ ಐದರ ಬಿಸಿಲಿನಲ್ಲಿ ಮೊದಲ ದಿಬ್ಬದ ನೆತ್ತಿಯ ಮೇಲೆ ನಿಂತು ನೋಡಿದಾಗ ಕಣ್ಣು ಹರಿಯುವಷ್ಟು ದೂರ ಉಸುಕು, ಅದರ ಮೇಲೆ ಗಾಳಿ ಬರೆದ ಗೆರೆಗಳು, ನಡುವೆ ಒಂದು ಜೀರುಂಡೆ ನಡೆದುಹೋದ ಹೆಜ್ಜೆಯ ಸಾಲು. ಮಾತಿಗೊಮ್ಮೆ ಕೇಕೆ ಹಾಕುತ್ತಿದ್ದ ಹುಡುಗರು ಐದು ನಿಮಿಷ ಬಾಯಿ ಬಿಡಲಿಲ್ಲ. ಅಲ್ಲಿಯೇ ನಾನು ನನ್ನ ಕೊಲ್ಹಾಪುರಿ ಚಪ್ಪಲಿಯ ಒಂದು ಕಾಲು ಉಸುಕಿನಲ್ಲಿ ಕಳೆದುಕೊಂಡೆ. ಕೆದರಿ ಕೆದರಿ ಹುಡುಕಿದರೂ ಸಿಗಲಿಲ್ಲ. ಅದು ಉಸುಕು ನಮಗೆ ಕೊಟ್ಟ ಮೊದಲ ಎಚ್ಚರಿಕೆ. ನಾವು ಅದನ್ನು ನಗೆಯಲ್ಲಿ ತೇಲಿಸಿಬಿಟ್ಟೆವು.

ಎರಡನೆಯ ದಿನ ಆದದ್ದನ್ನು ಮುಚ್ಚಿಡದೆ ಹೇಳುತ್ತೇನೆ.

ಬೆಳಗ್ಗೆ ಹೊರಡುವ ಮೊದಲು ಮಾರ್ಗದರ್ಶಕ ಎಲ್ಲರನ್ನೂ ನಿಲ್ಲಿಸಿ ಮೂರು ಮಾತು ಹೇಳಿದ್ದ. ನನ್ನ ಗಾಲಿಯ ಗುರುತು ಬಿಟ್ಟು ಆಚೆ ಹೋಗಬೇಡಿ. ಮುಂದಿನ ಗಾಡಿ ದಿಬ್ಬ ದಾಟಿ ಬಾವುಟ ತೋರಿಸುವವರೆಗೆ ಹಿಂದಿನದು ಹತ್ತಬೇಡಿ. ದಿಬ್ಬದ ಮೇಲೆ ಅಡ್ಡ ತಿರುಗಬೇಡಿ. ಮಧ್ಯಾಹ್ನದವರೆಗೆ ಎಲ್ಲ ಸರಿ ಇತ್ತು. ಊಟವಾದ ಮೇಲೆ ನಮ್ಮ ಒಬ್ಬ ಹುಡುಗ, ಟ್ರ್ಯಾಕ್ಟರ್ ಜಗ್ಗುವ ಸ್ಪರ್ಧೆಯಲ್ಲಿ ಬಹುಮಾನ ಹೊಡೆದವನು, ವಿಡಿಯೋ ತೆಗೆಯುವ ಹುರುಪಿನಲ್ಲಿ ಸಾಲು ಬಿಟ್ಟು ಪಕ್ಕದ ದಿಬ್ಬಕ್ಕೆ ಗಾಡಿ ಏರಿಸಿದ. ಅರ್ಧಕ್ಕೆ ಗಾಡಿ ಹುಗೀತು. ನಮ್ಮ ಎರೆಹೊಲದ ಕೆಸರಿನಲ್ಲಿ ಟ್ರೇಲರ್ ಸಿಕ್ಕಾಗ ಮಾಡುವ ಹಾಗೆ ಅವನು ಇನ್ನಷ್ಟು ರೇಸ್ ಕೊಟ್ಟ. ಗಾಲಿ ತಿರುಗಿದಷ್ಟೂ ಗಾಡಿ ತನ್ನ ಗುಂಡಿಯನ್ನು ತಾನೇ ತೋಡಿಕೊಂಡಿತು. ಹೇಗೋ ಬಿಡಿಸಿಕೊಂಡು ಇಳಿಯಲು ಹೋಗಿ ಸ್ಟೇರಿಂಗ್ ಅಡ್ಡ ತಿರುವಿದ. ಗಾಡಿ ಒಂದು ಕ್ಷಣ ಎರಡು ಗಾಲಿಯ ಮೇಲೆ ನಿಂತಿತು, ಆಮೇಲೆ ನಿಧಾನವಾಗಿ, ಎತ್ತು ಮಲಗಿದ ಹಾಗೆ, ಮಗ್ಗಲಾಯಿತು.

ಬೆಲ್ಟ್ ಹಾಕಿದ್ದ, ಬದುಕಿದ. ಪಕ್ಕದಲ್ಲಿ ಕೂತಿದ್ದವನು ವಿಡಿಯೋ ಸಲುವಾಗಿ ಕೈ ಹೊರಗೆ ಚಾಚಿದ್ದ, ಅವನ ಮಣಿಕಟ್ಟು ಮುರಿಯಿತು. ಯಾರ ಮೊಬೈಲಿನಲ್ಲೂ ರೇಂಜ್ ಇರಲಿಲ್ಲ. ಮಾರ್ಗದರ್ಶಕ ಒಂದು ಬಯ್ಗುಳ ಕೂಡ ಆಡಲಿಲ್ಲ. ತಲೆಯ ಸಾಫಾ ಬಿಚ್ಚಿ ಹುಡುಗನ ಕೈ ಕಟ್ಟಿದ. ಇನ್ನೊಂದು ಗಾಡಿಯ ಪಟ್ಟಿ ಕಟ್ಟಿಸಿ ಮಗ್ಗಲಾದ ಗಾಡಿಯನ್ನು ಎಬ್ಬಿಸಿದ. ಆಸ್ಪತ್ರೆ ಮುಟ್ಟಲು ನಮಗೆ ಮೂರು ತಾಸು ಹಿಡಿಯಿತು. ಪೆಟ್ಟು ತಲೆಗೆ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಆ ದಾರಿಯುದ್ದಕ್ಕೂ ಎಲ್ಲರೂ ಯೋಚಿಸಿದೆವು, ಯಾರೂ ಬಾಯಿಬಿಟ್ಟು ಆಡಲಿಲ್ಲ.

ತಮ್ಮಂದಿರೇ, ನಿಮಗೆ ಗಾಡಿ ಹೊಡೆಯಲು ಬರುವುದಿಲ್ಲ ಎಂದು ನಾನು ಹೇಳಲಾರೆ. ಎರಡು ಟ್ರೇಲರ್ ಕಬ್ಬು ಕಟ್ಟಿಕೊಂಡು ರಾತ್ರಿ ಹನ್ನೊಂದಕ್ಕೆ ಫ್ಯಾಕ್ಟರಿ ಸಾಲಿಗೆ ಟ್ರ್ಯಾಕ್ಟರ್ ತರುವವರು ನೀವು. ಆದರೆ ಕೆಸರಿನ ವಿದ್ಯೆ ಉಸುಕಿನಲ್ಲಿ ನಡೆಯುವುದಿಲ್ಲ. ಕೆಸರಿನ ಕೆಳಗೆ ಎಲ್ಲೋ ಗಟ್ಟಿ ನೆಲ ಸಿಗುತ್ತದೆ. ದಿಬ್ಬದ ಕೆಳಗೆ ಇನ್ನೂ ಉಸುಕೇ ಇರುತ್ತದೆ. ರಸ್ತೆಯ ಮೇಲೆ ಟಾಯರಿಗೆ 30ರ ಆಸುಪಾಸು ಗಾಳಿ ಇದ್ದರೆ ಉಸುಕಿನಲ್ಲಿ ಅದನ್ನು 15–18ಕ್ಕೆ ಇಳಿಸಬೇಕು. ಆಗ ಟಾಯರ್ ಒಂಟೆಯ ಪಾದದ ಹಾಗೆ ಅಗಲವಾಗಿ ಚಪ್ಪಟೆಯಾಗುತ್ತದೆ, ಹುಗಿಯುವ ಬದಲು ತೇಲುತ್ತದೆ. ವಾಪಸ್ ಡಾಂಬರು ರಸ್ತೆಗೆ ಬಂದ ಕೂಡಲೇ ಗಾಳಿ ತುಂಬಿಸಬೇಕು, ಇಲ್ಲವಾದರೆ ಅದೇ ಟಾಯರ್ ವೇಗದಲ್ಲಿ ಸಿಡಿಯುತ್ತದೆ. ಗಾಡಿ ಹುಗಿದರೆ ರೇಸ್ ಬಿಟ್ಟು ಕೆಳಗಿಳಿಯಿರಿ, ನಾಲ್ಕೂ ಗಾಲಿಯ ಮುಂದಿನ ಉಸುಕನ್ನು ಕೈಯಿಂದ ಬಳಿಯಿರಿ. ಏರು ಹತ್ತಲು ಆಗದಿದ್ದರೆ ಬಂದ ಗೆರೆಯಲ್ಲೇ ನೆಟ್ಟಗೆ ಹಿಂದಕ್ಕೆ ಇಳಿಯಿರಿ. ಬೆಳಗಿನ ತಂಪಿನಲ್ಲಿ ಉಸುಕು ಬಿಗಿಯಾಗಿರುತ್ತದೆ, ಮಧ್ಯಾಹ್ನ ಸಡಿಲಾಗುತ್ತದೆ. ನಮ್ಮ ಗಾಡಿ ಉರುಳಿದ್ದು ಮಧ್ಯಾಹ್ನವೇ.

ನಾನು ಪಾಠದಲ್ಲಿ ಹೇಳುತ್ತಿದ್ದ ಒಂದು ಅಂಕಿಯ ಅರ್ಥ ನನಗೆ ಅಲ್ಲಿ ತಿಳಿಯಿತು. ಗಾಳಿ ಬೀಸುವ ಕಡೆ ದಿಬ್ಬ ನಿಧಾನವಾಗಿ ಏರುತ್ತದೆ, ಮರೆಯ ಕಡೆ ಸುಮಾರು 34 ಡಿಗ್ರಿಯಲ್ಲಿ ಕಡಿದಾಗಿ ಇಳಿಯುತ್ತದೆ. ಉಸುಕಿನ ಕಾಳು ನಿಲ್ಲಬಹುದಾದ ಕೊನೆಯ ಇಳುಕಲು ಅದು. ಅದರ ಮೇಲೆ ಒಂದು ಹಿಡಿ ಭಾರ ಹೆಚ್ಚಾದರೂ ಜಾರುತ್ತದೆ. ಕೆಳಗಿನಿಂದ ಬರುವವನಿಗೆ ನೆತ್ತಿಯ ಆಚೆ ಇರುವ ಈ ಕಡಿತ ಕಾಣುವುದೇ ಇಲ್ಲ. 1971ರ ಡಿಸೆಂಬರಿನ ಯುದ್ಧದಲ್ಲಿ, ಇದೇ ಜೈಸಲ್ಮೇರ್ ಕಡೆಯ ಲೋಂಗೆವಾಲಾದಲ್ಲಿ ಪಾಕಿಸ್ತಾನದ ಟ್ಯಾಂಕುಗಳು ಮೆತ್ತನೆಯ ಉಸುಕಿನಲ್ಲಿ ಸಿಕ್ಕಿಕೊಂಡು ನಿಂತವು, ಬೆಳಗಾಗುತ್ತಲೇ ಜೈಸಲ್ಮೇರಿನಿಂದ ಹಾರಿದ ನಮ್ಮ ವಿಮಾನಗಳಿಗೆ ಗುರಿಯಾದವು. ಯುದ್ಧಕ್ಕೆಂದೇ ಮಾಡಿದ ಟ್ಯಾಂಕಿಗೆ ಸೋಲದ ಉಸುಕು ನಮ್ಮ ಕಂತಿನ ಗಾಡಿಗೆ ಸೋಲುತ್ತದೆಯೇ?

ಇಷ್ಟು ನಿಮ್ಮ ಜೀವದ ಮಾತು. ಈ ಪತ್ರ ಬರೆಯಲು ನಿಜವಾದ ಕಾರಣ ಮೂರನೆಯ ದಿನದ್ದು.

ಆ ದಿನ ಬೆಳಗ್ಗೆ ನಾವು ಹಿಂದಿನ ದಿನ ಗಾಡಿ ಉರುಳಿದ ಜಾಗಕ್ಕೆ, ಬಿದ್ದುಹೋಗಿದ್ದ ಸಾಮಾನು ಹುಡುಕಲು ಹೋದೆವು. ದಿಬ್ಬದ ಬುಡದಲ್ಲಿ ಹದಿನೈದಿಪ್ಪತ್ತು ಆಡು ಮೇಯಿಸುತ್ತಿದ್ದ ಒಬ್ಬ ಮುದುಕಿ ನಮ್ಮ ಗಾಲಿಯ ಗುರುತುಗಳ ನಡುವೆ ಬಗ್ಗಿ ಏನನ್ನೋ ಎತ್ತಿ ಎತ್ತಿ ನೋಡುತ್ತಿದ್ದಳು. ಬೇರು ಸಮೇತ ಕಿತ್ತುಬಂದ ಹುಲ್ಲಿನ ಬುಡ್ಡೆಗಳು. ನಾವು ನಮಸ್ಕಾರ ಮಾಡಿದೆವು. ಆಕೆ ಯಾವ ಊರು ಎಂದು ಕೇಳಿದಳು, ಮಾರ್ಗದರ್ಶಕ ಹೇಳಿದ. ಆಮೇಲೆ ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳುವವಳ ಹಾಗೆ ಕೇಳಿದಳು: "ನಿಮ್ಮ ಕಡೆ ಬೆಳೆದ ಹೊಲದೊಳಗ ಗಾಡಿ ಹೊಡೀತಾರೇನು?"

ಯಾರಿಗೂ ಉತ್ತರ ಬರಲಿಲ್ಲ. ನಮ್ಮ ಕಡೆಯ ಸಂಗತಿ ನಮಗೆ ಗೊತ್ತಲ್ಲ! ಒಂದು ಗೇಣು ಬದುವಿಗಾಗಿ ಅಣ್ಣತಮ್ಮಂದಿರು ಎರಡು ತಲೆಮಾರು ಚಿಕ್ಕೋಡಿ ಕೋರ್ಟಿನ ಮೆಟ್ಟಿಲು ಹತ್ತಿದ್ದಾರೆ. ಪಕ್ಕದವನ ಎಮ್ಮೆ ನಾಲ್ಕು ಗಳ ಕಬ್ಬು ತಿಂದರೆ ಊರ ಪಂಚರು ಕೂಡುತ್ತಾರೆ. ಆ ನಾವು ಒಬ್ಬಾಕೆಯ ಮೇವಿನ ಹೊಲದಲ್ಲಿ ಐದು ಗಾಡಿ ಓಡಿಸಿ, ಅದಕ್ಕೆ ಹಾಡು ಹಚ್ಚಿ ವಿಡಿಯೋ ಮಾಡಿದ್ದೆವು. ಬದು ಇಲ್ಲ, ಬೇಲಿ ಇಲ್ಲ, ಹಾಗಾಗಿ ಅದು ಯಾರದೂ ಅಲ್ಲ ಎಂದುಕೊಂಡಿದ್ದೆವು.

ಆ ಹುಲ್ಲಿನ ಹೆಸರು ಸೇವಣ. ಜೈಸಲ್ಮೇರಿನಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿಲಿಮೀಟರ್ ಆಸುಪಾಸು. ಅಷ್ಟರಲ್ಲಿ ವರ್ಷಗಟ್ಟಲೆ ಬದುಕುವ ಹುಲ್ಲು ಇದು. ಥಾರ್‌ಪಾರ್ಕರ್ ಆಕಳಿನ ಹಾಲು ಇದರಿಂದ ಬರುತ್ತದೆ. ಇದರ ಬೇರು, ಫೋಗ್ ಎಂಬ ಕಂಟಿಯ ಬೇರು, ಎರಡೂ ಸೇರಿ ದಿಬ್ಬವನ್ನು ಹಿಡಿದು ನಿಲ್ಲಿಸುತ್ತವೆ. ಬೇರು ಕಿತ್ತುಹೋದ ದಿಬ್ಬ ಗಾಳಿಗೆ ಸಡಿಲಾಗಿ ನಡೆಯತೊಡಗುತ್ತದೆ, ನಡೆದು ಯಾರದೋ ಬಾವಿ, ಯಾರದೋ ಗುಡಿಸಲು ಮುಚ್ಚುತ್ತದೆ. ನಮ್ಮಲ್ಲಿ ಊರ ದನಕ್ಕೆ ಬಿಟ್ಟ ಗಾಯರಾಣ ಇರುವ ಹಾಗೆ ಅಲ್ಲಿ 'ಓರಣ' ಎಂದು ದೇವರ ಹೆಸರಲ್ಲಿ ಬಿಟ್ಟ ಹುಲ್ಲುಗಾವಲುಗಳಿವೆ. ಅಲ್ಲಿ ಕೊಡಲಿ ಹಾಕುವುದಿಲ್ಲ. ಅಥಣಿಯ ಪೂರ್ವದ ಒಣ ಊರುಗಳಲ್ಲಿ ಕುರಿ ಹಟ್ಟಿ ಕಟ್ಟಿಕೊಂಡು ಊರೂರು ತಿರುಗುವ ನಮ್ಮ ಕುರುಬರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಗಾಡಿ ಇರುವ ನಮಗೆ ಹೇಳಬೇಕಾಗಿದೆ.

ಅದೇ ದಿನ ಮಧ್ಯಾಹ್ನ ಒಂದು ಢಾಣಿಯಲ್ಲಿ, ಅಂದರೆ ಹೊಲದೊಳಗಿನ ಮನೆಯಲ್ಲಿ, ನಮಗೆ ಊಟ ಇತ್ತು. ಸಜ್ಜಿ ರೊಟ್ಟಿ, ಮಜ್ಜಿಗೆ, ಒಣ ಕಾಯಿಯ ಪಲ್ಯ. "ಇದು ಯಾವ ಕಾಯಿ?" ಎಂದು ಕೇಳಿದೆ. ಸಾಂಗರಿ ಎಂದರು, ಹೊರಗಿನ ಮರ ತೋರಿಸಿದರು. ಅದು ಖೇಜಡಿ. ಹತ್ತಿರ ಹೋಗಿ ನೋಡಿದರೆ ನಮ್ಮ ಬನ್ನಿ ಮರ! ದಸರೆಯಲ್ಲಿ ಪೂಜೆ ಮಾಡಿ, ಎಲೆ ಹಂಚಿ, "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎಂದು ಹಿರಿಯರ ಕಾಲಿಗೆ ಬೀಳುತ್ತೇವಲ್ಲ, ಅದೇ ಮರ. ನಮಗೆ ವರ್ಷಕ್ಕೊಂದು ದಿನದ ಬಂಗಾರ, ಅವರಿಗೆ ವರ್ಷವಿಡೀ ನೆರಳು, ಮೇವು, ಪಲ್ಯ. 1730ರಲ್ಲಿ ಜೋಧಪುರದ ಹತ್ತಿರದ ಖೇಜಡಲಿ ಎಂಬ ಊರಿನಲ್ಲಿ, ರಾಜನ ಅರಮನೆಯ ಸುಣ್ಣದ ಭಟ್ಟಿಗೆ ಈ ಮರ ಕಡಿಯಲು ಬಂದವರನ್ನು ಅಮೃತಾದೇವಿ ಎಂಬ ಬಿಷ್ಣೋಯಿ ಹೆಣ್ಣುಮಗಳು ಮರ ತಬ್ಬಿ ತಡೆದಳು. ಆಕೆಯೂ ಆಕೆಯ ಹಿಂದೆ ನಿಂತವರೂ ಸೇರಿ 363 ಜನ ಪ್ರಾಣ ಕೊಟ್ಟರು. ರಾತ್ರಿ ಕ್ಯಾಂಪಿನಲ್ಲಿ ಚಳಿ ಕಾಯಿಸಲು ಹಸಿ ಟೊಂಗೆ ಮುರಿಯಲು ಹೊರಟಾಗ ಈ ಲೆಕ್ಕ ನೆನಪಿರಲಿ.

ಇನ್ನೊಂದು ಜೀವದ ಬಗ್ಗೆಯೂ ಹೇಳಬೇಕು. ನಮ್ಮಲ್ಲಿ ಎರ್ಲಡ್ಡು, ಎರೆಭೂತ ಎನ್ನುವ ಹಕ್ಕಿ, ರಾಜಸ್ಥಾನದವರ ಗೋಡಾವಣ. ಹದಿನೈದು ಕಿಲೋವರೆಗೆ ತೂಗಿಯೂ ಹಾರುವ ಹಕ್ಕಿ. ಇಡೀ ದೇಶದಲ್ಲಿ ಈಗ ಉಳಿದಿರುವುದು ನೂರೈವತ್ತರ ಆಸುಪಾಸು, ಅದರಲ್ಲಿ ಬಹುಪಾಲು ಜೈಸಲ್ಮೇರಿನ ಸುತ್ತ. ನಮ್ಮ ನೆರೆಯ ಸೊಲ್ಲಾಪುರದ ನಾನ್ನಜ್‌ನಲ್ಲಿ 1979ರಲ್ಲಿ ಇದಕ್ಕೆಂದೇ ಅಭಯಾರಣ್ಯ ಮಾಡಿದರು. ಕರ್ನಾಟಕದಲ್ಲಿ ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ಈ ಹಕ್ಕಿ ಗೂಡು ಕಟ್ಟುವುದಿಲ್ಲ. ಬಯಲು ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಆ ಮೊಟ್ಟೆ ನೆಲದ ಬಣ್ಣದಲ್ಲೇ ಇರುತ್ತದೆ. ಜೈಸಲ್ಮೇರ್ ಮತ್ತು ಬಾಡಮೇರ್ ಜಿಲ್ಲೆಗಳಲ್ಲಿ 3,162 ಚದರ ಕಿಲೋಮೀಟರ್ ಹರಡಿರುವ ಮರುಭೂಮಿ ರಾಷ್ಟ್ರೀಯ ಉದ್ಯಾನ ಇದರ ದೊಡ್ಡ ಆಸರೆ. ಆ ಕಡೆ ದಾರಿ ಬಿಟ್ಟು ಹತ್ತು ಮಾರು ಸರಿದ ಒಂದು ಗಾಲಿ ಏನನ್ನು ಒಡೆಯಬಹುದು ಎಂದು ನೀವೇ ಲೆಕ್ಕ ಹಾಕಿ.

ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಅಲುಗಿಸಿದ್ದು ನೀರು. ಆ ಢಾಣಿಯ ಹಿಂದೆ ಒಬ್ಬ ಮನುಷ್ಯ ಕಷ್ಟಪಟ್ಟು ಇಳಿಯಬಹುದಾದ ಇಕ್ಕಟ್ಟಾದ ಬಾವಿಗಳಿದ್ದವು. ಕುಂಯಿ, ಬೇರಿ ಎಂದು ಕರೆಯುತ್ತಾರೆ. ಅಲ್ಲಿನವರು ನೀರನ್ನು ಮೂರು ಜಾತಿ ಮಾಡಿ ಹೇಳುತ್ತಾರೆ: ಮುಗಿಲಿನಿಂದ ಬೀಳುವುದು ಪಾಲರ್ ಪಾನಿ, ಆಳದಲ್ಲಿ ಸಿಗುವ, ಬಹಳ ಕಡೆ ಉಪ್ಪಾಗಿರುವುದು ಪಾತಾಳ್ ಪಾನಿ, ಇವೆರಡರ ನಡುವೆ ಉಸುಕು ಹೀರಿ ಹಿಡಿದಿಟ್ಟಿರುವುದು ರೇಜಾಣಿ ಪಾನಿ. ಕೆಲವು ಕಡೆ ಉಸುಕಿನ ಕೆಳಗೆ ಜಿಪ್ಸಮ್ಮಿನ ಪದರ ಇದೆ. ಮಳೆಯ ನೀರು ಅದನ್ನು ದಾಟಿ ಕೆಳಗಿನ ಉಪ್ಪುನೀರಿಗೆ ಸೇರದೆ, ಮೇಲಿನ ಉಸುಕಿನಲ್ಲಿ ತೇವವಾಗಿ ನಿಲ್ಲುತ್ತದೆ. ಬಾವಿ ತೋಡಿದರೆ ಆ ತೇವ ಹನಿಹನಿಯಾಗಿ ಒಸರುತ್ತದೆ. ದಿನಕ್ಕೆ ಎರಡು ಮೂರು ಕೊಡ. ಅನುಪಮ್ ಮಿಶ್ರ ಎಂಬ ದೊಡ್ಡ ಬರಹಗಾರರು 'ರಾಜಸ್ಥಾನ್ ಕೀ ರಜತ್ ಬೂಂದೇಂ' ಪುಸ್ತಕದಲ್ಲಿ ಈ ವಿದ್ಯೆಯನ್ನು ವಿವರವಾಗಿ ದಾಖಲಿಸಿದ್ದಾರೆ. ಅದೇ ಪದರದ ಇನ್ನೊಂದು ಮುಖವೂ ಇದೆ. 2006ರ ಆಗಸ್ಟಿನಲ್ಲಿ ಬಾಡಮೇರ್ ಜಿಲ್ಲೆಯಲ್ಲಿ ಮಹಾಮಳೆ ಸುರಿದು ಕವಾಸ್ ಎಂಬ ಊರು ಮುಳುಗಿದಾಗ, ಕೆಳಗಿನ ಜಿಪ್ಸಮ್ ನೀರನ್ನು ಇಂಗಗೊಡದೆ ತಿಂಗಳುಗಟ್ಟಲೆ ನಿಲ್ಲಿಸಿತ್ತು. 2019 ಮತ್ತು 2021ರಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ಉಕ್ಕಿ ಊರು ಬಿಟ್ಟು ಗಂಜಿಕೇಂದ್ರ ಸೇರಿದ ನಮಗೆ ಆ ಜನರ ಸಂಕಟ ಅರ್ಥವಾಗಬೇಕು.

ಬಾವಿಯಿಂದ ಸೇದಿದ ಅರ್ಧ ಲೋಟ ನೀರು ನನ್ನ ಕೈಗೆ ಕೊಟ್ಟರು. ಕುಡಿಯುತ್ತಿದ್ದ ಹಾಗೆ ನನಗೆ ನೆನಪಾದದ್ದು ವರತಿ. ನಾನು ಹುಡುಗನಿದ್ದಾಗ ಬೇಸಿಗೆಯಲ್ಲಿ ಕೃಷ್ಣೆ ಒಣಗಿದರೆ ನಮ್ಮ ಅವ್ವ ಹೊಳೆಯ ಉಸುಕಿನಲ್ಲಿ ಮೊಣಕಾಲುದ್ದ ತೋಡುತ್ತಿದ್ದಳು. ಮೊದಲು ಕಲಕು ನೀರು, ಅದನ್ನು ಗೋರಿ ಚೆಲ್ಲಿದರೆ ಆಮೇಲೆ ಕನ್ನಡಿಯಂಥ ನೀರು. ಬಟ್ಟಲಿನಿಂದ ಗೋರಿ ಗೋರಿ ಕೊಡ ತುಂಬುತ್ತಿದ್ದಳು. ಮೂವತ್ತು ವರ್ಷ ಮರುಭೂಮಿಯ ಪಾಠ ಮಾಡಿದ ನನಗೆ, ಜೈಸಲ್ಮೇರಿನ ಬೇರಿಯೂ ನಮ್ಮ ಹೊಳೆಯ ವರತಿಯೂ ಒಂದೇ ಮಾತು ಹೇಳುತ್ತಿವೆ ಎಂದು ಹೊಳೆದಿರಲಿಲ್ಲ. ಉಸುಕು ನೀರಿನ ಕಣಜ. ಅವರು ಆ ಕಣಜವನ್ನು ಕಾದುಕೊಂಡು ಕೂತಿದ್ದಾರೆ. ನಾವು ಅದನ್ನು ಟಿಪ್ಪರಿಗೆ ತುಂಬಿ ಕಳಿಸಿ, ಬೇಸಿಗೆ ಬಂದರೆ ಕೊಯ್ನಾದಿಂದ ನೀರು ಬಿಡಿ ಎಂದು ಮಹಾರಾಷ್ಟ್ರಕ್ಕೆ ಕೈಮುಗಿಯುತ್ತೇವೆ.

ಇಷ್ಟು ಹೇಳಿದ ಮೇಲೆ ನನ್ನ ಬೇಡಿಕೆಗಳನ್ನು ನಿಮ್ಮ ಮುಂದಿಡುತ್ತೇನೆ. ಹಿರಿಯನ ಆಜ್ಞೆ ಎಂದುಕೊಳ್ಳಬೇಡಿ, ಜೊತೆಯಲ್ಲಿ ಬಂದವನ ವಿನಂತಿ ಎಂದುಕೊಳ್ಳಿ.

ಒಂದು, ಒಂಟಿ ಗಾಡಿಯಲ್ಲಿ ದಿಬ್ಬಕ್ಕೆ ಇಳಿಯಬೇಡಿ. ಕನಿಷ್ಠ ಎರಡು ಗಾಡಿ, ಆ ನೆಲದಲ್ಲೇ ಹುಟ್ಟಿದ ಒಬ್ಬ ಮಾರ್ಗದರ್ಶಕ, ಎಳೆಯುವ ಪಟ್ಟಿ, ಸಲಿಕೆ, ಗಾಳಿ ತುಂಬುವ ಕಂಪ್ರೆಸರ್, ಪ್ರಥಮ ಚಿಕಿತ್ಸೆಯ ಡಬ್ಬಿ, ತಲೆಗೆ ದಿನಕ್ಕೆ ಐದು ಲೀಟರಿಗೆ ಕಡಿಮೆಯಾಗದ ನೀರು. ದಿಬ್ಬದಾಚೆಗೂ ಕಾಣುವ ಹಾಗೆ ಉದ್ದ ಕೋಲಿಗೆ ಬಾವುಟ ಕಟ್ಟಿ. ಎಲ್ಲಿಗೆ ಹೋಗುತ್ತೀರಿ, ಯಾವಾಗ ಮರಳುತ್ತೀರಿ ಎಂದು ಮನೆಯಲ್ಲಿ ಬರೆದಿಟ್ಟು ಹೋಗಿ.

ಎರಡು, ಮಾರ್ಗದರ್ಶಕನನ್ನು ಬಾಡಿಗೆಯ ಆಳು ಎಂದು ಕಾಣಬೇಡಿ. ದುಡ್ಡು ಕೊಟ್ಟಿದ್ದೇವೆ ಎಂದು ಅವನಿಗೆ "ಇನ್ನೂ ಎತ್ತರದ ದಿಬ್ಬ ತೋರಿಸು" ಎಂದು ಒತ್ತಾಯ ಮಾಡಬೇಡಿ. ಅವನು ಬೇಡ ಎಂದರೆ ಅಲ್ಲಿಗೇ ನಿಲ್ಲಿಸಿ. ಅವನ ಗಾಲಿಯ ಗುರುತಿನಲ್ಲೇ ನಿಮ್ಮ ಗಾಲಿ ಹೋಗಲಿ, ಹುಲ್ಲಿನ ಬುಡ್ಡೆ ಕಂಡರೆ ಸುತ್ತಿ ಹೋಗಲಿ.

ಮೂರು, ಸ್ಟೇರಿಂಗ್ ಹಿಡಿಯುವವನ ಬಾಯಿಗೆ ಶೆರೆಯ ಒಂದು ಹನಿಯೂ ಹೋಗಬಾರದು. ಬೆಲ್ಟ್ ಇಲ್ಲದೆ ಗಾಡಿ ಕದಲಬಾರದು. ಕಿಟಕಿಯಿಂದ ಕೈ, ತಲೆ, ಮೊಬೈಲ್ ಹೊರಗೆ ಬರಬಾರದು. ಮಣಿಕಟ್ಟು ಮುರಿದುಕೊಂಡ ನಮ್ಮ ಹುಡುಗ ಆ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಹತ್ತಲಿಲ್ಲ. ಅವನ ಮನೆಯವರು ಬೇರೆ ಡ್ರೈವರಿಗೆ ಪಗಾರ ಕೊಟ್ಟರು.

ನಾಲ್ಕು, ಅದು ಪಾಕಿಸ್ತಾನಕ್ಕೆ ತಾಗಿದ ಗಡಿ. ತನೋಟ್ ಮಾತೆಯ ಗುಡಿಯಿಂದಾಚೆ ಗಡಿಯತ್ತ ಹೋಗಲು ಅನುಮತಿ ಬೇಕು. ಡ್ರೋನ್ ಹಾರಿಸಬೇಡಿ. ಸರ್ಕಾರದ ಪರವಾನಗಿ ಇಲ್ಲದ ಉಪಗ್ರಹ ಫೋನ್ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ, ವಿದೇಶದಲ್ಲಿರುವ ಗೆಳೆಯ ಕೊಟ್ಟನೆಂದು ಒಯ್ಯಬೇಡಿ. ಪೋಖರಣ್ ಕಡೆ ಸೇನೆ ಗುಂಡು ಹಾರಿಸುವ ಬಯಲುಗಳಿವೆ, ಉಸುಕಿನಲ್ಲಿ ಸಿಡಿಯದ ಮದ್ದುಗುಂಡು ಹುಗಿದಿರಬಹುದು. ಫಲಕ ಇರುವ ಕಡೆ ಫಲಕಕ್ಕೆ ಬೆಲೆ ಕೊಡಿ, ಬಿದ್ದ ಕಬ್ಬಿಣದ ತುಂಡನ್ನು ನೆನಪಿಗೆಂದು ಎತ್ತಿಕೊಳ್ಳಬೇಡಿ.

ಐದು, ಒಯ್ದ ಪ್ಲಾಸ್ಟಿಕ್ಕನ್ನೆಲ್ಲ ಮರಳಿ ತನ್ನಿ. ಉಸುಕಿನಲ್ಲಿ ಹುಗಿದರೆ ನಾಳೆ ಗಾಳಿ ಅದನ್ನು ತೆರೆದಿಡುತ್ತದೆ, ನಾಡಿದ್ದು ಆ ಮುದುಕಿಯ ಆಡು ತಿನ್ನುತ್ತದೆ. ಬೇರಿಯ ಹತ್ತಿರ ಗಾಡಿ ತೊಳೆಯುವುದು, ಸ್ನಾನ ಮಾಡುವುದು ಬೇಡವೇ ಬೇಡ. ಢಾಣಿಯವರಿಗೆ ಆ ಎರಡು ಮೂರು ಕೊಡ ನೀರೇ ಒಂದು ದಿನದ ಬಾಳು.

ತಂದೆತಾಯಿಗಳಿಗೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಕ್ಕಳು ಹೊರಟಾಗ "ಎಷ್ಟು ಖರ್ಚು?" ಎಂದು ಕೇಳುವ ಜೊತೆಗೆ "ಯಾರ ಜೊತೆ? ಮಾರ್ಗದರ್ಶಕ ಯಾರು? ಹತ್ತಿರದ ದವಾಖಾನೆ ಎಷ್ಟು ದೂರ?" ಎಂದೂ ಕೇಳಿ. ಹೆಣ್ಣುಮಕ್ಕಳು ಹೋಗಬೇಕೆಂದರೆ ಕಳಿಸಿ. ನಮ್ಮ ಗುಂಪಿನಲ್ಲಿ ಇದ್ದ ಇಬ್ಬರು ಹೆಣ್ಣುಮಕ್ಕಳ ಗಾಡಿ ನಾಲ್ಕು ದಿನದಲ್ಲಿ ಒಮ್ಮೆಯೂ ಹುಗಿಯಲಿಲ್ಲ, ಏಕೆಂದರೆ ಹೇಳಿದ ಮಾತು ಕೇಳಿದವರು ಅವರೇ.

ಕೊನೆಯದು, ನನಗೆ ಎಲ್ಲಕ್ಕಿಂತ ದೊಡ್ಡದು. ವಾಪಸ್ ಬಂದ ಮೇಲೆ ಒಂದು ದಿನ ಹೊಳೆಗೆ ಹೋಗಿ. ಮಾಘದ ಹುಣ್ಣಿಮೆಗೆ ಜೈಸಲ್ಮೇರಿನಲ್ಲಿ ಮರು ಮಹೋತ್ಸವ ನಡೆಯುತ್ತದೆ. ಅದೇ ಭಾರತ ಹುಣ್ಣಿಮೆಗೆ ನಮ್ಮ ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಯಕ್ಕನ ಜಾತ್ರೆ. ಎರಡೂ ಕಡೆ ಒಂದೇ ಚಂದ್ರ. ಜಾತ್ರೆ ಮುಗಿಸಿಕೊಂಡು ಬರುವಾಗ ಕುಡಚಿ ಹತ್ತಿರವೋ ಯಡೂರಿನ ಹತ್ತಿರವೋ ಕೃಷ್ಣೆಯ ದಂಡೆಗೆ ಗಾಡಿ ನಿಲ್ಲಿಸಿ ಕೆಳಗಿಳಿಯಿರಿ. ಉಸುಕು ಉಳಿದಿರುವ ಒಂದು ಜಾಗ ಹುಡುಕಿ ಮೊಣಕಾಲುದ್ದ ತೋಡಿ ನೋಡಿ. ನೀರು ಬಂದರೆ ನಿಮ್ಮ ಮಕ್ಕಳಿಗೂ ತೋರಿಸಿ. ಬರದಿದ್ದರೆ ಯಾಕೆ ಬರಲಿಲ್ಲ ಎಂದು ನಿಮ್ಮ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಸಾವಿರದೈನೂರು ಕಿಲೋಮೀಟರ್ ಹೋಗಿ ಉಸುಕು ನೋಡಿ ಬಂದವರ ಮಾತಿಗೆ ಊರಿನಲ್ಲಿ ಬೆಲೆ ಇದ್ದೇ ಇರುತ್ತದೆ.

ಆ ಮುದುಕಿಯ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಅದನ್ನು ನೀವು ಕೊಡಿ. ಮುಂದಿನ ಸಲ ನಮ್ಮ ಕಡೆಯ ಗಾಡಿಗಳ ಸಾಲು ಖೂರಿಯ ದಿಬ್ಬದ ಬುಡಕ್ಕೆ ಬಂದಾಗ, ಆಕೆ ತನ್ನ ಹುಲ್ಲಿನ ನಡುವೆ ನಿಶ್ಚಿಂತೆಯಿಂದ ನಿಂತು ನಿಮಗೆ ದಾರಿ ತೋರಿಸುವ ಹಾಗೆ ನಡೆದುಕೊಳ್ಳಿ.

ಸುಖವಾಗಿ ಹೋಗಿ, ಸುರಕ್ಷಿತವಾಗಿ ಬನ್ನಿ.

ಇಂತಿ ನಿಮ್ಮ ಹಿತೈಷಿ,
ನಿವೃತ್ತ ಭೂಗೋಳ ಶಿಕ್ಷಕ
ಚಿಕ್ಕೋಡಿ